ಓದದೆ ಬಿಟ್ಟ ಒಂದು ಸಾಲು

ನಾನು ಬರೆದ ಬಾಡಿಗೆ ಕರಾರು ಪತ್ರಗಳು ಎಷ್ಟು ಎಂದು ಯಾರಾದರೂ ಕೇಳಿದರೆ ಹೇಳಲಾರೆ. ಒಂದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ: ಅವುಗಳಲ್ಲಿ ಒಂದರಲ್ಲೂ 'ಮಾಲೀಕರು' ಎಂಬ ಜಾಗದಲ್ಲಿ ನನ್ನ ಹೆಸರಿಲ್ಲ. ನನ್ನ ಹೆಸರು ಬರುತ್ತಿದ್ದುದು ಪತ್ರದ ತಳದಲ್ಲಿ, ಸಾಕ್ಷಿಗಳ ಸಹಿಗಿಂತಲೂ ಕೆಳಗೆ, 'ಬಿಕ್ಕಲಂ' ಎಂಬ ಹಳೆಯ ಮಾತಿನ ಮುಂದೆ. ಬಿಕ್ಕಲಂ ಎಂದರೆ ಪತ್ರ ಬರೆದವನು. ಮನೆ ಅವನದಲ್ಲ, ಅಂಗಡಿ ಅವನದಲ್ಲ, ಅಕ್ಷರ ಮಾತ್ರ ಅವನದು.

ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡು ಈ ಕೆಲಸಕ್ಕೆ ಬಂದೆ. ಜಗಳೂರಿನಲ್ಲಿ ಕಲಿತೆ, ಚನ್ನಗಿರಿಯಲ್ಲಿ ಕೈ ಕುದುರಿತು, ಹೊನ್ನಾಳಿಯಲ್ಲಿ ಸಂಸಾರ ಹೂಡಿದೆ, ನ್ಯಾಮತಿಯಲ್ಲಿ ನಿವೃತ್ತನಾದೆ. ಈಗ ಈ ಕೆಲಸಕ್ಕೆ ಬರುವವರು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಹೆಸರು, ಅಪ್ಪನ ಹೆಸರು, ಆಧಾರ್ ಸಂಖ್ಯೆ ಹಾಕಿದರೆ ಪತ್ರ ತಾನೇ ತಯಾರಾಗಿ ಹೊರಗೆ ಬರುತ್ತದೆ. ಬರೆಯುವುದನ್ನು ಅವರಿಗೆ ನಾನು ಕಲಿಸಬೇಕಾಗಿಲ್ಲ. ಬರೆದದ್ದನ್ನು ಓದಿ ಹೇಳುವುದು ಎಂಬ ಇನ್ನೊಂದು ಕೆಲಸವಿದೆ. ಅದನ್ನು ನಾನು ಒಮ್ಮೆ ಹೇಗೆ ಕೆಡಿಸಿದೆ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಗಳೂರಿನಲ್ಲಿ ನನ್ನ ಗುರು ತಿಪ್ಪಣ್ಣನವರು. ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಆತುಕೊಂಡಂತೆ ಒಂದು ತಗಡಿನ ನೆರಳು, ಅದರ ಕೆಳಗೆ ಅವರ ಇಳಿಜಾರು ಡೆಸ್ಕು. ನೆಲದ ಮೇಲೆ ಚಾಪೆ ಹಾಸಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮೊದಲ ಆರು ತಿಂಗಳು ನನಗೆ ಪೆನ್ನು ಕೊಡಲಿಲ್ಲ. ಅವರು ಬರೆದದ್ದನ್ನು ಪಕ್ಷಗಾರರ ಮುಂದೆ ಗಟ್ಟಿಯಾಗಿ ಓದುವುದೇ ನನ್ನ ಕೆಲಸ. ಕೊನೆಗೆ ಪೆನ್ನು ಕೈಗೆ ಬಂದ ದಿನವೇ ನಾನು ಒಂದು ತಪ್ಪು ಮಾಡಿದೆ.

ಸೊಕ್ಕೆಯ ಒಬ್ಬ ರೈತನಿಗೆ ಜಗಳೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಕೋಣೆಯಿತ್ತು. ಸೈಕಲ್ ಶಾಪಿನವನೊಬ್ಬ ಅದನ್ನು ಬಾಡಿಗೆಗೆ ಕೇಳಿದ್ದ. ನಾನು ಹಿಂದಿನ ದಿನದ ಪತ್ರವೊಂದನ್ನು ನೋಡಿಕೊಂಡು, ಹೆಸರು ಬದಲಿಸಿ ಬರೆದೆ. ಓದಿ ಹೇಳಿದೆ. ರೈತ ಕಣ್ಣು ಮುಚ್ಚಿ, ತುದಿಗಾಲಲ್ಲಿ ಕುಂತು ಕೇಳಿದ. ಮುಗಿದ ಮೇಲೆ ಕಣ್ಣು ಬಿಟ್ಟ.

"ಬಾಳ ಚೆಂದಾಗಿ ಓದಿದ್ರಿ ಬುದ್ಧೀ. ಆದ್ರೆ ಹಿಂದ್ಲ ಹಿತ್ಲು ನಾನು ಇವನಿಗೆ ಕೊಟ್ಟೇ ಇಲ್ಲಲ್ಲ? ಅಲ್ಲಿ ನನ್ನ ಎಮ್ಮೆ ಕಟ್ತೀನಿ. ಎಮ್ಮೆ ಸಮೇತ ಬರ್ದೀರೇನು?"

ಸೈಕಲ್ ಶಾಪಿನವನು ನಕ್ಕುಬಿಟ್ಟ. "ಎಮ್ಮೆ ಕೊಟ್ರೆ ಇನ್ನೂ ಒಳ್ಳೇದೇ ಆತು ಯಜಮಾನ್ರೇ."

ತಿಪ್ಪಣ್ಣನವರು ನಗಲಿಲ್ಲ. ಛಾಪಾ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಚೂರು ಮಾಡಿದರು. "ಹೋಗು, ಹೊಸಾದು ತಗಂಬಾ. ನಿನ್ನ ಜೇಬಿಂದ." ಆ ಇಬ್ಬರೂ ಹೋದ ಮೇಲೆ ಹೇಳಿದರು: "ನೋಡ್ಲೇ, ಬರೆಯೋದು ಕೈಕೆಲಸ. ಓದಿ ಹೇಳಿದ್ ಮೇಲೇ ಅದು ಪತ್ರ ಆಗೋದು. ಅಕ್ಷರ ಬರ್ದೇ ಇದ್ದವರಿಗೆ ಕಿವೀನೇ ಕಣ್ಣು. ನೀನು ಒಂದು ಮಾತು ನುಂಗಿದ್ರೆ ಅವರ ಕಣ್ಣು ಕಿತ್ತಂಗೆ. ತಪ್ಪು ಬರ್ದ್ರೂ ಪರವಾಗಿಲ್ಲ, ಪೂರ್ತಿ ಓದು. ಅವರೇ ಹಿಡೀತಾರೆ."

ಆ ರೈತ ಹಿಡಿದಿದ್ದ. ನಾನು ಪೂರ್ತಿ ಓದಿದ್ದರಿಂದ ಹಿಡಿದಿದ್ದ.

ಚನ್ನಗಿರಿಗೆ ಬಂದಾಗ ನನ್ನ ಸ್ವಂತ ಡೆಸ್ಕು ಆಯಿತು. ಅಲ್ಲಿ ಅಡಿಕೆ ವ್ಯಾಪಾರದವರ ಗೋದಾಮುಗಳು, ಹೋಟೆಲುಗಳು, ಮಳಿಗೆಗಳು. ಬರೆದಷ್ಟೂ ಕೆಲಸ. ಎಲ್ಲವೂ ಹನ್ನೊಂದು ತಿಂಗಳ ಕರಾರುಗಳು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು, ಅದರ ಖರ್ಚು ಯಾರಿಗೂ ಬೇಡ. ಆದ್ದರಿಂದ ಹನ್ನೊಂದಕ್ಕೆ ನಿಲ್ಲಿಸಿ, ಮತ್ತೆ ಹೊಸ ಪತ್ರ ಮಾಡಿಸುವುದು ರೂಢಿ. ಹೊಸ ಪತ್ರ ಮಾಡಿಸಲು ಜನ ಮರೆಯುತ್ತಾರೆ. ಮಾಲೀಕರ ಅರ್ಧ ತಾಪತ್ರಯ ಆ ಮರೆವಿನಿಂದಲೇ ಹುಟ್ಟುತ್ತದೆ.

ಬಸವಾಪಟ್ಟಣದ ಅಣ್ಣತಮ್ಮಂದಿರಿಬ್ಬರಿಗೆ ಚನ್ನಗಿರಿಯಲ್ಲಿ ಅಪ್ಪ ಬಿಟ್ಟುಹೋದ ಒಂದು ಮಳಿಗೆಯಿತ್ತು. ಅಣ್ಣ ಬಂದು ಹೋಟೆಲಿನವನಿಗೆ ಬಾಡಿಗೆ ಪತ್ರ ಬರೆಸಿದ. ಖಾತೆಯಲ್ಲಿ ಎಷ್ಟು ಹೆಸರಿವೆ ಎಂದು ನಾನು ಕೇಳಲಿಲ್ಲ. ತಿಂಗಳೊಳಗೆ ತಮ್ಮ ಬೆಳಗಿನ ಬಸ್ಸಿಗೆ ಬಂದು, ಅಣ್ಣನ ಬೀಗದ ಪಕ್ಕ ತನ್ನದೂ ಒಂದು ಬೀಗ ಜಡಿದ. ನನ್ನನ್ನು ಕರೆದುಕೊಂಡು ಹೋದರು. ಹೋಟೆಲಿನವನು ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದ.

"ನೀವು ಅಣ್ಣತಮ್ಮ ಎಷ್ಟು ಬೀಗ ಬೇಕಾದ್ರೂ ಹಾಕ್ಕೊಳ್ರಪ್ಪಾ. ಒಳಗೆ ರುಬ್ಬಿಟ್ಟ ಹಿಟ್ಟು ಉಕ್ಕಿ ಬರಾಕೆ ಹತ್ತೈತೆ, ಅದಕ್ಕೇನು ಬೀಗ ಹಾಕ್ತೀರಿ?"

ಹಿಟ್ಟಿನ ಸಲುವಾಗಿಯೇ ಆ ಜಗಳ ಬಗೆಹರಿಯಿತು. ಬಾಗಿಲ ಮುಂದಿನ ಬೆಂಚಿನ ಮೇಲೆ ಕುಳಿತು ಇಬ್ಬರ ಹೆಸರಿನಲ್ಲೂ ಹೊಸ ಪತ್ರ ಬರೆದೆ. ಅಂದಿನಿಂದ ಖಾತೆ ನಕಲು, ಕಂದಾಯದ ರಸೀದಿ ನೋಡದೆ ಪೆನ್ನು ಮುಟ್ಟಿಲ್ಲ. ಹೊಸಬರೂ ಮುಟ್ಟಬೇಡಿ.

ಆದರೆ ಆ ದಿನದ ನೆನಪಿನಲ್ಲಿ ಹಿಟ್ಟಿಗಿಂತ ಬೇರೊಂದು ಉಳಿದಿದೆ. ಆ ಇಬ್ಬರೂ ಕೀಲಿಕೈ ತೆಗೆದು ಬಾಗಿಲು ತೆರೆದಾಗ ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಜಗಳವಾಡುವುದಕ್ಕಾದರೂ ಇವರಿಗೆ ಒಂದು ಬಾಗಿಲು ಇದೆಯಲ್ಲ ಎಂದುಕೊಂಡೆ. ಆ ಯೋಚನೆ ಅಲ್ಲಿಗೇ ನಿಲ್ಲಲಿಲ್ಲ. ಯಾರೇ ಮಾಲೀಕ ಬಂದು ಸೊಂಟದಿಂದ, ಜೇಬಿನಿಂದ, ಸೆರಗಿನ ಗಂಟಿನಿಂದ ಕೀಲಿಕೈ ತೆಗೆದರೂ ನನಗೆ ಎದೆಯಲ್ಲಿ ಏನೋ ಒತ್ತಿದಂತಾಗುತ್ತಿತ್ತು. ಅವರ ಪತ್ರ ಬರೆಯುವಾಗ ಮುಖದಲ್ಲಿ ನಗೆ ಇಟ್ಟುಕೊಂಡೇ ಒಳಗೆ ಹುಳುಕು ಹುಡುಕುತ್ತಿದ್ದೆ. ಗೋಡೆ ಬಿರುಕು ಬಿಟ್ಟಿದೆ ಎಂದು ಗೊತ್ತಾದರೆ ಆ ದಿನ ಊಟ ರುಚಿಸುತ್ತಿತ್ತು.

ನನಗೂ ಒಂದು ಸೈಟು ಕೊಳ್ಳುವ ಅವಕಾಶ ಬಂದಿತ್ತು. ಹೊನ್ನಾಳಿಗೆ ಬಂದ ಹೊಸತು. ಪರಿಚಯದವರೊಬ್ಬರು ಕಂತಿನಲ್ಲಿ ಕೊಡುತ್ತೇನೆಂದರು. ನಮ್ಮ ಮನೆಯಾಕೆ ಶಾಂತಮ್ಮ, "ತಗಳ್ರಿ, ಎರಡು ಕೋಣೆ ಆದ್ರೂ ಆತು" ಎಂದಳು. ನಾನು ಒಪ್ಪಲಿಲ್ಲ. ದಿನವೂ ಮಾಲೀಕರ ಗೋಳು ಕೇಳುತ್ತಿದ್ದವನಿಗೆ ಕಾಗದಗಳಲ್ಲೆಲ್ಲ ಗುಂಡಿಗಳೇ ಕಾಣುತ್ತಿದ್ದವು. ಅದರ ಮೂಲಪತ್ರ ಸರಿಯಿಲ್ಲ, ಇದರ ದಾರಿ ಸರಿಯಿಲ್ಲ ಎಂದು ಹೇಳಿಕೊಂಡೇ ಕಾಲ ಕಳೆದೆ. ಕಾನೂನನ್ನು ಅರ್ಧ ತಿಳಿದವನಿಗೆ ಬರುವ ಹೆದರಿಕೆ ಅದು. ಆ ಸೈಟನ್ನು ಬೇರೆ ಯಾರೋ ಕೊಂಡರು. ಈಗ ಅಲ್ಲಿ ಮೂರು ಮಹಡಿ ಇದೆ. ಆ ಬೀದಿಗೆ ನಾನು ಹೋಗುವುದಿಲ್ಲ.

ಹೊನ್ನಾಳಿಯಲ್ಲಿ ನಾವಿದ್ದದ್ದು ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ. ನಮ್ಮ ಗೋಡೆಯ ಆಚೆ ಗಿರಿಜಮ್ಮ ಮತ್ತು ಅವಳ ಮಗಳು ಸವಿತಾ. ಗಂಡ ತೀರಿಕೊಂಡ ಮೇಲೆ ಗಿರಿಜಮ್ಮ ಹೊಲಿಗೆ ಹಿಡಿದಿದ್ದಳು. ಲಂಗ, ರವಿಕೆ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳ ಯಂತ್ರದ ಸದ್ದು ನಮ್ಮ ಗೋಡೆಯಲ್ಲೇ ಇದೆಯೇನೋ ಎನ್ನುವಂತೆ ಕೇಳುತ್ತಿತ್ತು. ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ಸಹಿ ಮಾಡಲು ಕಲಿತಿದ್ದಳು, ಬಸ್ಸಿನ ಬೋರ್ಡು ಓದುತ್ತಿದ್ದಳು. ಅದಕ್ಕಿಂತ ಹೆಚ್ಚು ಓದು ಇರಲಿಲ್ಲ.

ಹದಿನೈದು ವರ್ಷ ಆ ಯಂತ್ರ ತುಳಿದು ಅವಳು ಒಂದು ಸಣ್ಣ ಸೈಟು ಕೊಂಡಳು. ಆಮೇಲೆ ಮನೆಯನ್ನೂ ಕಟ್ಟಿದಳು. ಹಿಂದೆ ಎರಡು ಕೋಣೆ, ರಸ್ತೆಗೆ ಮುಖಮಾಡಿ ಒಂದು ಅಂಗಡಿ. ಗೃಹಪ್ರವೇಶಕ್ಕೆ ನಾವಿಬ್ಬರೂ ಹೋದೆವು. ಹೋಳಿಗೆ ಊಟ ಮಾಡಿದೆವು. ವಾಪಸು ಬರುವಾಗ ಶಾಂತಮ್ಮ ತನ್ನ ಪಾಡಿಗೆ ತಾನು, "ಅಡಿಗೆಮನೆಗೆ ಎರಡು ಕಿಟಕಿ ಇಟ್ಟಾಳೆ ನೋಡ್ರಿ. ಹೊಗೆ ನಿಲ್ಲಂಗೇ ಇಲ್ಲ" ಎಂದಳು. ಅವಳ ಮಾತಿನಲ್ಲಿ ಖುಷಿ ಮಾತ್ರ ಇತ್ತು. ನಮ್ಮ ಅಡಿಗೆಮನೆಗೆ ಒಂದೂ ಕಿಟಕಿ ಇರಲಿಲ್ಲ. ಆ ಎರಡು ಕಿಟಕಿಗಳು ನನ್ನ ತಲೆಯಲ್ಲಿ ಕುಳಿತವು. ಊರಿನ ಸಾಹುಕಾರರ ಮೇಲಿನ ಹೊಟ್ಟೆಕಿಚ್ಚನ್ನು ಹೇಗೋ ತಡೆದುಕೊಂಡಿದ್ದೆ. ಒಂದೇ ನಲ್ಲಿಯಲ್ಲಿ ನನ್ನ ಹಿಂದೆ ಕೊಡ ಹಿಡಿದು ನಿಂತಿದ್ದವಳು ಮಾಲೀಕಳಾದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಸವಿತಾ ಆಗ ದಾವಣಗೆರೆಯಲ್ಲಿ ಹೊಲಿಗೆ, ವಸ್ತ್ರವಿನ್ಯಾಸದ ಕೋರ್ಸಿಗೆ ಸೇರಿದ್ದಳು. ಗಿರಿಜಮ್ಮ ನನ್ನ ಡೆಸ್ಕಿಗೆ ಬಂದು ಹೇಳಿದಳು: "ಅಣ್ಣಾ, ಅಂಗಡಿ ಖಾಲಿ ಇಡೋದ್ಯಾಕೆ ಅಂತ ಬಾಡಿಗೆಗೆ ಕೊಡಾಕೆ ಹೊಂಟೀನಿ. ಎರಡು ವರ್ಷ ಅಷ್ಟೇ. ನಮ್ಮ ಸವಿತಾ ಓದು ಮುಗಿಸ್ಕಂಡು ಬಂದ್ ಮೇಲೆ ಅಲ್ಲಿ ಅವಳ ಹೊಲಿಗೆ ಅಂಗಡಿ ಆಗ್ಬೇಕು. ಅದಕ್ಕೇ ಕಟ್ಟಿಸಿದ್ದು. ನೀವು ಸರಿಯಾಗಿ ಬರ್ಕೊಡ್ರಿ."

ಬಾಡಿಗೆಗೆ ಬಂದವನು ಸಾಸ್ವೆಹಳ್ಳಿ ಕಡೆಯ ಶೇಖರಪ್ಪ. ಪೈಪು, ಮೋಟಾರು ಮಾರುವ ಅಂಗಡಿ ಇಡುವವನಿದ್ದ. ಗಿರಿಜಮ್ಮ ಬರುವ ಮೊದಲೇ ನನ್ನ ಹತ್ತಿರ ಬಂದು ಕುಳಿತ. "ಸಾಮಾನು ಹಾಕೋನು ನಾನು, ಗಿರಾಕಿ ಹಿಡಿಯೋನು ನಾನು. ಆಮೇಲೆ ಎಬ್ಬಿಸಿಬಿಟ್ರೆ ನನ್ನ ಗತಿ ಏನ್ರಿ? ಅದಕ್ಕೊಂದು ಸಾಲು ಹಾಕ್ರಲ್ಲ" ಎಂದ. ಎಲ್ಲ ಬಾಡಿಗೆದಾರರೂ ಕೇಳುವ ಮಾತೇ ಅದು. 'ಮಾಲೀಕರನ್ನು ಕೇಳಿ ಹಾಕುತ್ತೇನೆ' ಎನ್ನುವುದು ನಾವು ಕೊಡಬೇಕಾದ ಉತ್ತರ.

ನಾನು ಕೇಳಲಿಲ್ಲ. ಹಾಕಿದೆ. 'ಸದರಿ ಹನ್ನೊಂದು ತಿಂಗಳ ಅವಧಿ ಮುಗಿದ ನಂತರವೂ ಬಾಡಿಗೆದಾರರು ಇಚ್ಛಿಸುವವರೆಗೆ ಇದೇ ಷರತ್ತುಗಳ ಮೇಲೆ ಬಾಡಿಗೆ ಮುಂದುವರಿಯತಕ್ಕದ್ದು. ಮಾಲೀಕರು ತೆರವು ಕೇಳತಕ್ಕದ್ದಲ್ಲ.' ಪತ್ರದ ಎರಡನೇ ಪುಟದಲ್ಲಿ, ಸುಣ್ಣಬಣ್ಣದ ಷರತ್ತಿಗೂ ಕರೆಂಟು ಬಿಲ್ಲಿನ ಷರತ್ತಿಗೂ ನಡುವೆ ಬರೆದೆ.

ಗಿರಿಜಮ್ಮ ಬಂದಳು. ಸೆರಗಿನಲ್ಲಿ ಕೀಲಿಕೈ ಗಂಟು ಹಾಕಿಕೊಂಡಿದ್ದಳು. ನಾನು ಓದಲು ಶುರುಮಾಡಿದೆ. ಅವಳು ಜಗಳೂರಿನ ಆ ರೈತನ ಹಾಗೆಯೇ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಎರಡನೇ ಪುಟಕ್ಕೆ ಬಂದೆ. ಸುಣ್ಣಬಣ್ಣ ಬಾಡಿಗೆದಾರರದು ಎಂದು ಓದಿದೆ. ಮುಂದಿನ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೆ. ಕರೆಂಟು ಬಿಲ್ಲು ಬಾಡಿಗೆದಾರರೇ ಕಟ್ಟತಕ್ಕದ್ದು ಎಂದು ಓದಿದೆ. ದನಿ ಎಲ್ಲೂ ತಡವರಿಸಲಿಲ್ಲ. ಶೇಖರಪ್ಪ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದ, ಮತ್ತೆ ತಲೆ ತಗ್ಗಿಸಿದ.

"ಎಲ್ಲಾ ಸರಿ ಐತಾ ಅಣ್ಣಾ?"

"ಎಲ್ಲಾ ಸರಿ ಐತಮ್ಮ."

ಅವಳು ನಾಲಿಗೆ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಪತ್ರದ ಕೊನೆಯ ವಾಕ್ಯ ಎಲ್ಲ ಪತ್ರಗಳಲ್ಲೂ ಇರುವಂಥದ್ದೇ: 'ಓದಿಸಿ ಕೇಳಿ ತಿಳಿದು ಒಪ್ಪಿ ಸಹಿ ಮಾಡಿರುತ್ತೇವೆ.' ಅದನ್ನು ಮಾತ್ರ ಗಟ್ಟಿಯಾಗಿ ಓದಿದ್ದೆ.

ಶೇಖರಪ್ಪನಿಂದ ನಾನು ಬರಹದ ಕೂಲಿಯ ಹೊರತು ಬೇರೇನೂ ತೆಗೆದುಕೊಳ್ಳಲಿಲ್ಲ. ಲಂಚ ತಿಂದಿದ್ದರೆ ಹಣದಾಸೆ ಎಂಬ ಒಂದು ನೆಪವಾದರೂ ಸಿಗುತ್ತಿತ್ತು. ನನಗೆ ಸಿಕ್ಕಿದ್ದು ಇಷ್ಟೇ: ಆ ದಿನ ಮನೆಗೆ ಹೋಗುವಾಗ ಅವಳ ಎರಡು ಕಿಟಕಿಗಳು ನನ್ನನ್ನು ಕಾಡಲಿಲ್ಲ.

ಹನ್ನೊಂದು ತಿಂಗಳು ಮುಗಿಯಿತು. ಗಿರಿಜಮ್ಮ ಹೊಸ ಪತ್ರ ಮಾಡಿಸೋಣವೆಂದರೆ ಶೇಖರಪ್ಪ, "ಇರ್ಲಿ ಬಿಡಕ್ಕಾ, ನಮ್ಮನಮ್ಮೊಳಗೆ ಕಾಗದ ಯಾಕೆ" ಎಂದನಂತೆ. ಬಾಡಿಗೆಯನ್ನೇನೋ ತಿಂಗಳಿಗೆ ಸರಿಯಾಗಿ ಕೊಡುತ್ತಿದ್ದ. ಎರಡು ವರ್ಷಕ್ಕೆ ಸವಿತಾ ಓದು ಮುಗಿಸಿ ಬಂದಳು. ಅಂಗಡಿ ಬಿಡಿ ಎಂದಾಗ ಅವನು ಪತ್ರ ತೆಗೆದು ಆ ಸಾಲನ್ನು ಓದಿ ತೋರಿಸಿದ.

ಗಿರಿಜಮ್ಮ ಪತ್ರ ಹಿಡಿದುಕೊಂಡು ನನ್ನ ಡೆಸ್ಕಿಗೆ ಬಂದಳು. ನಾಲ್ಕು ಜನ ಗಿರಾಕಿಗಳಿದ್ದರು. "ಅಣ್ಣಾ, ಇದರಾಗೆ ಹಿಂಗಂತ ಐತಂತೆ. ನೀವು ಓದ್ದಾಗ ಇದು ನನ್ನ ಕಿವಿಗೆ ಬೀಳಲೇ ಇಲ್ಲಲ್ಲ?"

ಅಲ್ಲಿಯೇ ಒಪ್ಪಿಕೊಳ್ಳಬಹುದಿತ್ತು. ಒಂದು ಹೊಸ ಪತ್ರ, ಶೇಖರಪ್ಪನಿಗೆ ಒಂದಿಷ್ಟು ತಿಂಗಳ ವಾಯಿದೆ, ಅಷ್ಟರಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ನಾನು ಕನ್ನಡಕ ಹಾಕಿಕೊಂಡು ಪತ್ರ ನೋಡಿದಂತೆ ಮಾಡಿ, "ಓದಿದ್ನಲ್ಲಮ್ಮ, ನೀವೇ ಹ್ಞೂಂ ಅಂದಿದ್ರಿ. ಮರ್ತಿರಬೇಕು" ಎಂದೆ.

ಅವಳು ಪತ್ರ ಮಡಿಚಿಕೊಂಡಳು. "ಇರಬೌದು. ಹಂಗಾರೆ ನನ್ನ ಕಿವೀನೇ ಹಾಳಾಗ್ಯಾವೆ" ಎಂದು ಹೋದಳು.

ಅವಳು ಕೋರ್ಟಿಗೆ ಹೋದಳು. ನನಗೆ ಸಾಕ್ಷಿ ಸಮನ್ಸು ಬಂತು. ಹೊಸಬರು ನೆನಪಿಟ್ಟುಕೊಳ್ಳಿ: ಪತ್ರ ಬರೆದವನು ಯಾವತ್ತಾದರೂ ಕಟಕಟೆಗೆ ಹೋಗಬೇಕಾಗುತ್ತದೆ. ಅವಳ ಪರ ವಕೀಲರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೇರವಾಗಿ ಕೇಳಿದರು: "ಈ ಷರತ್ತನ್ನು ನನ್ನ ಕಕ್ಷಿದಾರರಿಗೆ ಓದಿ ಹೇಳಿದಿರಾ?"

ಪ್ರಮಾಣ ಮಾಡಿ ನಿಂತಿದ್ದೆ. ಹೌದು ಎಂದೆ. ಹಿಂದಿನ ಬೆಂಚಿನಲ್ಲಿ ಗಿರಿಜಮ್ಮ ಕುಳಿತಿದ್ದಳು. ನನ್ನ ಉತ್ತರ ಕೇಳಿ ಅವಳು ಸಿಟ್ಟಾಗಲಿಲ್ಲ. ಹೌದು, ಹಾಗೇ ಇರಬೇಕು ಎನ್ನುವಂತೆ ತಲೆಯಾಡಿಸಿದಳು. ಅವಳ ಆ ತಲೆಯಾಡಿಸುವಿಕೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ನೋಂದಣಿಯಾಗದ ಪತ್ರದಲ್ಲಿ ಅಂಥ ಸಾಲಿಗೆ ಕಾನೂನಿನಲ್ಲಿ ಎಷ್ಟು ಬಲ ಎಂಬುದು ವಕೀಲರು ವಾದಿಸುವ ವಿಷಯ. ಬಲ ಕಡಿಮೆಯಿದ್ದರೂ ಒಂದು ಮೊಕದ್ದಮೆಯನ್ನು ವರ್ಷಗಟ್ಟಲೆ ಎಳೆಯಲು ಅಷ್ಟು ಸಾಲು ಸಾಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗೆಯೇ ಆಯಿತು. ಅವಳಿಗೆ ತಿಳಿಸದೆ ಸಹಿ ಮಾಡಿಸಿದರು ಎಂಬ ಅವಳ ವಕೀಲರ ವಾದ ನನ್ನ ಒಂದು ಮಾತಿನಿಂದ ಬಿದ್ದುಹೋಯಿತು. ತೀರ್ಪು ಅವಳ ವಿರುದ್ಧ ಬಂತು. ನ್ಯಾಯಾಧೀಶರ ತಪ್ಪಿಲ್ಲ, ಮುಂದಿದ್ದ ಸಾಕ್ಷಿಯನ್ನು ಅವರು ನಂಬಿದರು. ವಕೀಲರು ಮೇಲಿನ ಕೋರ್ಟಿಗೆ ಅಪೀಲು ಹಾಕಿದರು.

ನನಗೆ ಹೊನ್ನಾಳಿಯಲ್ಲಿ ಕೂರುವುದು ಕಷ್ಟವಾಯಿತು. ಅಷ್ಟರಲ್ಲಿ ನ್ಯಾಮತಿ ತಾಲ್ಲೂಕು ಆಗಿತ್ತು. ಡೆಸ್ಕು ಅಲ್ಲಿಗೆ ಸಾಗಿಸಿದೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹೊಸ ತಾಲ್ಲೂಕು ಎಂದರೆ ಹೊಸ ಕಚೇರಿಗಳು, ಹೊಸ ನೌಕರರು, ಎಲ್ಲರಿಗೂ ಮನೆ ಬೇಕು. ಮೊನ್ನೆಯವರೆಗೆ ಕಣಜ, ಕೊಟ್ಟಿಗೆ ಇದ್ದಲ್ಲಿ ಜನ ಗೋಡೆ ಎಬ್ಬಿಸಿ, ಬಣ್ಣ ಬಳಿದು, ಮಾಲೀಕರಾದರು. ಮುದುಕ ಮಾಲೀಕನೊಬ್ಬ ಬಾಡಿಗೆದಾರನ ಹೆಸರಿನಲ್ಲೇ ಕರೆಂಟು ಮೀಟರು ಹಾಕಿಸಿಕೊಳ್ಳಲು ಒಪ್ಪಿಬಿಟ್ಟಿದ್ದ. ಯಾಕಜ್ಜಾ ಎಂದರೆ, "ಬಿಲ್ಲು ಅವನೇ ಕಟ್ತಾನಲ್ಲ, ಹೆಸರೂ ಅವನದೇ ಇರ್ಲಿ ಬಿಡು" ಎಂದ. ಮೀಟರು, ಕಂದಾಯ, ನಲ್ಲಿ ಇವುಗಳ ಹೆಸರು ಕೈಬಿಟ್ಟರೆ ನಾಳೆ ಮನೆ ನಿನ್ನದೆಂದು ತೋರಿಸಲು ಏನು ಇಟ್ಟುಕೊಳ್ಳುತ್ತೀ ಎಂದು ಅವನಿಗೆ ಅರ್ಧ ಗಂಟೆ ಬಿಡಿಸಿ ಹೇಳಿದೆ. "ನೀನು ಬಲೇ ಪ್ರಾಮಾಣಿಕ ಮನುಷ್ಯ ಕಣಪ್ಪಾ. ನಿನ್ನಂಥೋರು ಇರಬೇಕು" ಎಂದ ಅವನು. ಚೆನ್ನಾಗಿ ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ನ್ಯಾಮತಿಯಲ್ಲಿ ನಾನು ಪ್ರತಿ ಪತ್ರವನ್ನೂ ಎರಡೆರಡು ಸಲ ಓದುತ್ತಿದ್ದೆ. ಪಕ್ಕದ ಡೆಸ್ಕಿನವರು ನನ್ನ ಹೆಸರು ಹಿಡಿದು ನಗುತ್ತಿದ್ದರು. "ಚನ್ನಬಸಣ್ಣ ಪುರಾಣ ಓದಾಕೆ ಹತ್ಯಾನೆ, ಹಣ್ಣುಕಾಯಿ ತರ್ರಪ್ಪೋ." ಬೇರೆಯವರಿಗೆ ಎರಡು ಸಲ ಓದಿದ್ದರಿಂದ ಅವಳಿಗೆ ಓದದೆ ಬಿಟ್ಟದ್ದು ತುಂಬಿಕೊಳ್ಳಲಿಲ್ಲ. ಕೈ ನಡುಗಲು ಶುರುವಾದಾಗ ಡೆಸ್ಕು ಮಾರಿದೆ. ಕಂಪ್ಯೂಟರು ಕಲಿಯುವ ವಯಸ್ಸು ಮೀರಿತ್ತೆಂದಲ್ಲ, ಮನಸ್ಸಿರಲಿಲ್ಲ.

ಮನೆಯಲ್ಲಿ ಕೂತ ಮೇಲೆ ಒಂದು ದಿನ ಶಾಂತಮ್ಮ ರವಿಕೆ ಹೊಲಿಯಲು ಕೊಟ್ಟು ಬಂದಳು. ಊಟಕ್ಕೆ ಬಡಿಸುತ್ತಾ ಹೇಳಿದಳು: "ಸವಿತಾ ಮೆಟ್ಟಿಲ ಕೆಳಗೆ ಮಿಷನ್ ಇಟ್ಕಂಡು ಹೊಲೀತಾಳ್ರೀ. ತಲೆ ಎತ್ತಿದ್ರೆ ಬಡೀತೈತೆ. ಪಾಪ, ಗಿರಿಜಮ್ಮ ಒಂದೊಂದು ಮಾತಿಗೂ 'ಏನಂದ್ರಿ, ಏನಂದ್ರಿ' ಅಂತ ಎರಡು ಸಲ ಕೇಳ್ತಾಳೆ. ಕಿವಿ ಡಾಕ್ಟ್ರ ಹತ್ರ ಹೋಗಿ ಬಂದ್ಲಂತೆ. ಕಿವಿಗೇನೂ ಆಗಿಲ್ಲ ಅಂದ್ರಂತೆ ಅವರು. ಆದ್ರೂ ಅವಳಿಗೆ ನಂಬಿಕೆ ಇಲ್ಲ."

ನಾನು ಗಿರಿಜಮ್ಮನ ಅಂಗಡಿಯನ್ನು ಮಾತ್ರ ಕೆಡಿಸಿದ್ದೇನೆಂದು ತಿಳಿದಿದ್ದೆ. ಅವಳ ಕಿವಿಯನ್ನೇ ಅವಳು ನಂಬದಂತೆ ಮಾಡಿದ್ದೆ. ಆ ಊಟದಲ್ಲೇ ಶಾಂತಮ್ಮನಿಗೆ ಎಲ್ಲ ಹೇಳಿದೆ. ಅವಳು ಬಡಿಸುವ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಎರಡು ಕಿಟಕಿ ಅಂತ ಹೇಳಿದ್ದು ನಾನೇ ಅಲ್ಲೇನ್ರಿ" ಎಂದಳು.

ಮರುದಿನ ಬೆಳಿಗ್ಗೆ ಗಿರಿಜಮ್ಮನ ಮನೆಗೆ ಹೋದೆ. ಅಂಗಡಿಯ ಮುಂದೆ ಶೇಖರಪ್ಪನ ಪೈಪುಗಳ ರಾಶಿ, ಪಕ್ಕದ ಓಣಿಯಿಂದ ಒಳಗೆ ದಾರಿ. ಮೆಟ್ಟಿಲ ಕೆಳಗೆ ಸವಿತಾ ಯಂತ್ರದ ಮುಂದೆ ಕುಳಿತಿದ್ದಳು. ಗಿರಿಜಮ್ಮ ಚಾಪೆ ಹಾಕಿದಳು. ನಾನು ಕೂರಲಿಲ್ಲ.

"ಗಿರಿಜಮ್ಮಾ, ಆ ಸಾಲು ನಾನು ಓದಲಿಲ್ಲ."

"ಏನಂದ್ರಿ?"

"ಪತ್ರ ಓದಿ ಹೇಳುವಾಗ ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಹಾರಿಸಿಬಿಟ್ಟೆ. ಬೇಕಂತಲೇ. ನಿಮಗೆ ಮನೆ ಆತಲ್ಲ ಅಂತ ಹೊಟ್ಟೆಕಿಚ್ಚು. ಕೋರ್ಟಿನಾಗೂ ಸುಳ್ಳು ಹೇಳ್ದೆ."

ಯಂತ್ರ ನಿಂತಿತು. ಗಿರಿಜಮ್ಮ ಗೋಡೆಗೆ ಒರಗಿಕೊಂಡಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಎರಡೂ ಕೈಯಿಂದ ತನ್ನ ಕಿವಿಗಳನ್ನು ಮುಟ್ಟಿಕೊಂಡಳು.

"ಹಂಗಾರೆ ನನ್ನ ಕಿವಿ ಸರಿ ಇದ್ವು."

"ಸರಿ ಇದ್ವಮ್ಮ."

"ಸವಿತಾ, ಕೇಳಿದ್ಯೇನೇ? ನನ್ನ ಕಿವಿ ಸರಿ ಇದ್ವು."

ಬೈದದ್ದು ಸವಿತಾ. ಮೆಟ್ಟಿಲ ಕೆಳಗಿನಿಂದ ಬಗ್ಗಿಕೊಂಡು ಹೊರಗೆ ಬಂದು ನೆಟ್ಟಗೆ ನಿಂತಳು. "ನಮ್ಮನೆ ಹೋಳಿಗೆ ತಿಂದು ಹೋಗಿದ್ರಲ್ಲಾ ಮಾವಾ, ಎಲೆ ಮೇಲೇ ಉಗುಳಿ ಹೋಗಿದ್ರೆ ಆಗ್ತಿರ್ಲಿಲ್ಲೇನ್ರಿ? ನಮ್ಮವ್ವ ಹಾಲಿನೋನು ರೇಟು ಹೇಳಿದ್ರೂ ನನ್ನ ಕರ್ದು ಸರಿ ಕೇಳಿಸ್ತಾ ನೋಡು ಅಂತಿದ್ಲು. ಆರು ವರ್ಷ!"

ಗಿರಿಜಮ್ಮ ಒಂದೇ ಮಾತು ಕೇಳಿದಳು. "ಇದನ್ನ ಬರ್ದು ಕೊಡ್ತೀರೇನು?"

ವಕೀಲರ ಕಚೇರಿಗೆ ಮೂವರೂ ಹೋದೆವು. ವಕೀಲರು ನನ್ನನ್ನು ಎದುರಿಗೆ ಕೂರಿಸಿಕೊಂಡು ಎಚ್ಚರಿಸಿದರು: "ಈ ಪ್ರಮಾಣಪತ್ರ ಸಲ್ಲಿಸಿದರೆ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿಮ್ಮ ಮೇಲೆಯೇ ಕ್ರಮ ಆಗಬಹುದು. ಯೋಚನೆ ಮಾಡಿದ್ದೀರಾ?" ಮಾಡಿದ್ದೇನೆ ಎಂದೆ. ಟೈಪು ಮಾಡಿಸಿದರು. ಮುಗಿದ ಮೇಲೆ ಕಾಗದವನ್ನು ನನ್ನ ಮುಂದೆ ಇಟ್ಟರು. ಗಿರಿಜಮ್ಮ ಕೈಯೆತ್ತಿ ತಡೆದಳು.

"ಮೊದ್ಲು ಓದ್ಬೇಕು. ಸವಿತಾ, ಓದೇ. ಪೂರ್ತಿ."

ಸವಿತಾ ಓದಿದಳು. ನಾನು ಜೀವನದಲ್ಲಿ ಮೊದಲ ಸಲ ಪಕ್ಷಗಾರನಾಗಿ ಕುಳಿತು, ನನ್ನ ಬಗ್ಗೆ ಬರೆದ ಪತ್ರವನ್ನು ಇನ್ನೊಬ್ಬರ ಬಾಯಿಂದ ಕೇಳಿದೆ. ಒಂದು ಸಾಲೂ ಬಿಡಲಿಲ್ಲ ಅವಳು. 'ಅಸೂಯೆಯಿಂದ' ಎಂಬ ಪದ ಬಂದಾಗ ಸ್ವಲ್ಪ ನಿಲ್ಲಿಸಿ, ನನ್ನ ಮುಖ ನೋಡಿ, ಮುಂದೆ ಓದಿದಳು. ಸಹಿ ಮಾಡಿದೆ. ಈ ಸಲ ತಳದಲ್ಲಿ ಬಿಕ್ಕಲಂ ಎಂದಲ್ಲ, ಮೇಲೆ, ಬರೆದುಕೊಟ್ಟವನ ಜಾಗದಲ್ಲಿ.

ಅಪೀಲಿನ ವಿಚಾರಣೆಗೆ ಮೊದಲೇ ಪ್ರಮಾಣಪತ್ರದ ನಕಲು ಶೇಖರಪ್ಪನಿಗೆ ಹೋಯಿತು. ಅವನು ರಾಜಿಗೆ ಬಂದ. "ಅವತ್ತು ಇವರು ಓದದೆ ಬಿಟ್ಟಿದ್ದು ನಂಗೂ ಗೊತ್ತಾಗಿತ್ತು. ನನಗೆ ಅನುಕೂಲ ಆತಲ್ಲ ಅಂತ ಸುಮ್ಮನಾದೆ" ಎಂದು ವಕೀಲರ ಮುಂದೆ ಒಪ್ಪಿಕೊಂಡ. ಮೂರು ತಿಂಗಳ ವಾಯಿದೆ ಕೇಳಿದ. ವಾಯಿದೆ ಮುಗಿಯುವ ಮೊದಲೇ ಪೈಪುಗಳನ್ನು ಟ್ರ್ಯಾಕ್ಟರಿಗೆ ಹೇರಿಸಿ ಖಾಲಿ ಮಾಡಿದ. ನನ್ನ ಮೇಲೆ ಕ್ರಮದ ನೋಟೀಸು ಇನ್ನೂ ಬಂದಿಲ್ಲ. ಬಂದ ದಿನ ಹೋಗುತ್ತೇನೆ.

ಹೊಲಿಗೆ ಅಂಗಡಿಯ ಪೂಜೆಗೆ ನನ್ನನ್ನು ಕರೆಯಲಿಲ್ಲ. ಶಾಂತಮ್ಮ ಒಬ್ಬಳೇ ಹೋಗಿ ಬಂದಳು. ನಾನು ಇನ್ನೊಂದು ದಿನ ರಸ್ತೆಯ ಆಚೆ ಬದಿಯಿಂದ ನೋಡಿದೆ. ಗಾಜಿನ ಬಾಗಿಲು, ಒಳಗೆ ಎರಡು ಯಂತ್ರ, ಗೋಡೆಗೆ ತೂಗುಹಾಕಿದ ಬಣ್ಣಬಣ್ಣದ ರವಿಕೆಗಳು, ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿಯಲ್ಲಿ ಗಿರಿಜಮ್ಮ. ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಎಂದು ಇಲ್ಲಿ ಬರೆದರೆ ಅದು ಎರಡನೇ ಸುಳ್ಳು ಸಾಕ್ಷಿಯಾಗುತ್ತದೆ. ನೋಡುತ್ತಿದ್ದಂತೆ ಎದೆಯ ಹಳೆಯ ಜಾಗದಲ್ಲೇ ಒಮ್ಮೆ ಒತ್ತಿತು. ಈಗ ಅದರ ಗುರುತು ನನಗಿದೆ, ಅಷ್ಟೇ ವ್ಯತ್ಯಾಸ.

ಕಳೆದ ತಿಂಗಳು ಧೈರ್ಯ ಮಾಡಿ ಒಂದು ಅಂಗಿಯ ಬಟ್ಟೆ ತೆಗೆದುಕೊಂಡು ರಸ್ತೆ ದಾಟಿದೆ. "ಗಂಡಸರ ಅಂಗೀನೂ ಹೊಲೀತೀರೇನಮ್ಮ?" ಎಂದೆ. ಸವಿತಾ ಟೇಪು ಕೈಗೆ ತೆಗೆದುಕೊಂಡಳು. ಭುಜ, ಎದೆ, ತೋಳು, ಉದ್ದ ಅಳೆದು ಪುಸ್ತಕದಲ್ಲಿ ಬರೆದುಕೊಂಡಳು. ನಾನು ಹೊರಡಲು ತಿರುಗಿದೆ.

"ನಿಲ್ರಿ ಮಾವಾ. ಅಳತೆ ಓದಿ ಹೇಳ್ತೀನಿ, ಸರಿ ಐತಾ ನೋಡ್ರಿ."

ಅದು ಆ ಅಂಗಡಿಯ ಪದ್ಧತಿಯೋ, ನನಗಾಗಿ ಮಾತ್ರವೋ ತಿಳಿಯಲಿಲ್ಲ. ಕುರ್ಚಿಯಲ್ಲಿದ್ದ ಗಿರಿಜಮ್ಮ ಕಣ್ಣು ಮುಚ್ಚಿಕೊಂಡಳು. ಸವಿತಾ ಒಂದೊಂದೇ ಸಾಲು ಓದಿದಳು. ನಾನು ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದೆ.

"ಎಲ್ಲಾ ಓದಿದ್ಲು, ಒಂದೂ ಬಿಡಲಿಲ್ಲ" ಎಂದಳು ಗಿರಿಜಮ್ಮ, ಕಣ್ಣು ತೆರೆಯದೆ. "ನಂಗೆ ಕೇಳಿಸ್ತು."